ತೀರ್ಮಾನವಾಗದ ಜಗಳದ ನಡುವೆ ಮಕ್ಕಳು

(ಹಾಸನದಲ್ಲಿ ಶಿಕ್ಷಕರು ಮತ್ತು ಪೋಷಕರು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕುಟುಂಬಗಳ ಗುರುತು ಸಿಗದಂತೆ ಊರು, ವಯಸ್ಸು, ಉದ್ಯೋಗಗಳನ್ನು ಬದಲಿಸಿದ್ದೇನೆ.)

ಹಿರಿಯರೇ, ಶಿಕ್ಷಕ ಮಿತ್ರರೇ, ಮನೆಗೆಲಸ ಬದಿಗಿಟ್ಟು ಬಂದು ಕುಳಿತಿರುವ ತಾಯಂದಿರೇ, ತಂದೆಯರೇ,

ಸಂಘಟಕರು ನನಗೆ ಕೊಟ್ಟ ವಿಷಯ ‘ವಿಚ್ಛೇದನ ಮತ್ತು ಮಕ್ಕಳು’. ಆಹ್ವಾನ ಪತ್ರಿಕೆಯಲ್ಲೂ ಹಾಗೆಯೇ ಅಚ್ಚಾಗಿದೆ. ಆದರೆ ಕೌಟುಂಬಿಕ ಪ್ರಕರಣಗಳಲ್ಲಿ ವಕೀಲೆಯಾಗಿ, ಮಧ್ಯಸ್ಥಗಾರಳಾಗಿ ಕೆಲಸ ಮಾಡುತ್ತಾ ಬಂದಿರುವ ನನಗೆ ನಮ್ಮ ಜಿಲ್ಲೆಯಲ್ಲಿ ಹೆಚ್ಚಾಗಿ ಎದುರಾಗುವವರು ವಿಚ್ಛೇದನವಾದ ಮನೆಯ ಮಕ್ಕಳಲ್ಲ. ಅತ್ತ ವಿಚ್ಛೇದನವೂ ಆಗದೆ, ಇತ್ತ ಸಂಸಾರವೂ ಉಳಿಯದೆ ನಿಂತುಹೋದ ಮನೆಗಳ ಮಕ್ಕಳು. ಇವತ್ತು ಅವರ ಪರವಾಗಿ ಮಾತನಾಡಲು ಬಂದಿದ್ದೇನೆ.

2011ರ ಜನಗಣತಿಯಲ್ಲಿ ದೇಶದಾದ್ಯಂತ ವಿಚ್ಛೇದಿತರು ಎಂದು ದಾಖಲಾದವರು ಸುಮಾರು 13.6 ಲಕ್ಷ ಜನ. ಗಂಡ–ಹೆಂಡತಿ ಬೇರೆಯಾಗಿದ್ದಾರೆ, ಆದರೆ ವಿಚ್ಛೇದನವಾಗಿಲ್ಲ ಎಂದು ದಾಖಲಾದವರು ಅದರ ಹೆಚ್ಚುಕಡಿಮೆ ಮೂರು ಪಟ್ಟು. ಮನೆಗೆ ಬಂದ ಗಣತಿದಾರರ ಮುಂದೆ ಬಾಯಿಬಿಟ್ಟು ಹೇಳಿದವರ ಲೆಕ್ಕ ಇದು. ‘ಅಳಿಯಂದಿರು ಬೆಂಗಳೂರಿನಲ್ಲಿದ್ದಾರೆ, ಕೆಲಸ ಜಾಸ್ತಿ’ ಎಂದು ಹೇಳಿ ಬಾಗಿಲು ಮುಚ್ಚಿದ ಮನೆಗಳು ಈ ಲೆಕ್ಕದೊಳಗೆ ಬರುವುದಿಲ್ಲ.

ಅದು ಹೇಗೆ ಶುರುವಾಗುತ್ತದೆ ಎಂಬುದು ನಿಮಗೆಲ್ಲ ಗೊತ್ತಿರುವುದೇ. ಜಗಳವಾಗುತ್ತದೆ, ಹೆಣ್ಣುಮಗಳು ಮಗುವನ್ನು ಎತ್ತಿಕೊಂಡು ತವರಿಗೆ ಬರುತ್ತಾಳೆ. ನಾಲ್ಕು ದಿನ ಕಳೆಯಲಿ, ಕೋಪ ಇಳಿಯುತ್ತದೆ ಎನ್ನುತ್ತಾರೆ. ಆಮೇಲೆ ದೀಪಾವಳಿ ಕಳೆಯಲಿ, ಕಾಫಿ ಕೊಯ್ಲು ಮುಗಿಯಲಿ, ತಂಗಿಯ ಮದುವೆಯೊಂದು ಆಗಿಬಿಡಲಿ. ದೊಡ್ಡವರು ಕುಳಿತು ಒಂದು ಪಂಚಾಯಿತಿ, ಆರು ತಿಂಗಳು ಬಿಟ್ಟು ಇನ್ನೊಂದು ಪಂಚಾಯಿತಿ. ಎರಡೂ ಕಡೆಯವರು ಒಡವೆಯ ಪಟ್ಟಿ, ಮದುವೆ ಖರ್ಚಿನ ಪಟ್ಟಿ ಹಿಡಿದು ಬರುತ್ತಾರೆ. ಮಗುವಿನ ಮಾತು ಬರುವುದು ಕೊನೆಯಲ್ಲಿ, ಎಲ್ಲರೂ ಏಳುವ ಹೊತ್ತಿಗೆ: ‘ಸದ್ಯಕ್ಕೆ ತಾಯಿ ಹತ್ತಿರವೇ ಇರಲಿ ಬಿಡಿ.’ ಆ ‘ಸದ್ಯಕ್ಕೆ’ ಎಂಬುದು ಎಂಟು ವರ್ಷ, ಹತ್ತು ವರ್ಷ ಎಳೆದದ್ದನ್ನು ನಾನು ಕಂಡಿದ್ದೇನೆ. ಅಂಗನವಾಡಿಗೆ ಹೋಗುತ್ತಿದ್ದ ಮಗು ಎಸ್ಸೆಸ್ಸೆಲ್ಸಿಗೆ ಬಂದಿರುತ್ತದೆ. ಅದಕ್ಕೆ ತಂದೆಯಿಂದ ಒಂದು ರೂಪಾಯಿ ಬಂದಿರುವುದಿಲ್ಲ, ಒಂದು ಫೋನೂ ಬಂದಿರುವುದಿಲ್ಲ. ಹಾಗೆಂದು ತಂದೆ ಇಲ್ಲ ಎನ್ನುವಂತೆಯೂ ಇಲ್ಲ.

ಈ ಮಗುವಿಗೆ ಯಾವ ಕಾಗದವೂ ಇಲ್ಲ. ಕೋರ್ಟಿನ ಆದೇಶವಿದ್ದರೆ ಜೀವನಾಂಶ ಎಷ್ಟು, ಭೇಟಿ ಯಾವತ್ತು, ಶಾಲೆಯ ಶುಲ್ಕ ಯಾರದು ಎಂಬುದಕ್ಕೆ ಒಂದು ಆಧಾರವಾದರೂ ಇರುತ್ತದೆ. ತವರಿನಲ್ಲಿ ಉಳಿದ ಹೆಣ್ಣಿನ ಹೆಸರು ಎಷ್ಟೋ ಸಲ ಇನ್ನೂ ಗಂಡನ ಮನೆಯ ಪಡಿತರ ಚೀಟಿಯಲ್ಲೇ ಇರುತ್ತದೆ. ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ದಾಖಲಾದವರಿಗೆ ತಿಂಗಳಿಗೆ 2,000 ರೂಪಾಯಿಯ ಗೃಹಲಕ್ಷ್ಮಿ ಹಣ ಬರುತ್ತದೆ. ಆ ಚೀಟಿಯಲ್ಲಿ ಯಜಮಾನಿ ಅತ್ತೆ, ತವರಿನ ಚೀಟಿಯಲ್ಲಿ ಯಜಮಾನಿ ತಾಯಿ. ನಡುವೆ ಇವಳು ಎಲ್ಲಿಯೂ ಇಲ್ಲ. ಮಗುವಿನ ಒಂದು ಪ್ರಮಾಣಪತ್ರ ಮಾಡಿಸಲು ಹೋದರೂ ತಂದೆಯ ದಾಖಲೆ ಎಲ್ಲಿ ಎಂಬ ಪ್ರಶ್ನೆ ಎದುರಾಗುತ್ತದೆ. ನಿಯಮಗಳು ನಿಧಾನವಾಗಿ ಸಡಿಲವಾಗುತ್ತಿವೆ ಎಂಬುದು ನಿಜ. ಪಾಸ್‌ಪೋರ್ಟ್ ಅರ್ಜಿಯಲ್ಲಿ ತಂದೆ ತಾಯಿಯರಲ್ಲಿ ಒಬ್ಬರ ಹೆಸರು ಸಾಕು ಎಂಬ ನಿಯಮ 2016ರ ಡಿಸೆಂಬರಿನಲ್ಲಿ ಬಂತು. ತಾಯಿ ಒಬ್ಬರೇ ಸಾಕುತ್ತಿದ್ದರೆ ಪ್ಯಾನ್ ಕಾರ್ಡಿಗೆ ತಂದೆಯ ಹೆಸರು ಕಡ್ಡಾಯವಲ್ಲ ಎಂದು 2018ರಲ್ಲಿ ಆಯಿತು. ಆದರೆ ಹೋಬಳಿ ಮಟ್ಟದ ಕಚೇರಿಯ ಕಿಟಕಿಯ ಮುಂದೆ ನಿಂತ ತಾಯಿಗೆ ಇದನ್ನು ಹೇಳುವವರು ಯಾರು?

ಇಂಥ ಮನೆಗಳು ಯಾಕೆ ತೀರ್ಮಾನಕ್ಕೆ ಬರುವುದಿಲ್ಲ? ಮಾನಕ್ಕೆ ಅಂಜುವುದು ಒಂದು ಕಾರಣ. ತಪ್ಪು ತಿಳಿವಳಿಕೆ ಇನ್ನೊಂದು. ನನ್ನ ಕಚೇರಿಗೆ ಬರುವವರಲ್ಲಿ ಎಷ್ಟೋ ಜನ ‘ಮೇಡಂ, ಏಳು ವರ್ಷ ಬೇರೆ ಇದ್ದುಬಿಟ್ಟರೆ ತಾನಾಗಿಯೇ ಡೈವೋರ್ಸ್ ಆಗುತ್ತದಲ್ಲ?’ ಎಂದು ಕೇಳುತ್ತಾರೆ. ಆಗುವುದಿಲ್ಲ. ಕಾನೂನಿನಲ್ಲಿ ಏಳು ವರ್ಷದ ಮಾತು ಇರುವುದು, ಬದುಕಿದ್ದಾರೋ ಇಲ್ಲವೋ ಎಂಬ ಸುದ್ದಿಯೇ ಇಲ್ಲದೆ ಕಾಣೆಯಾದವರ ಬಗ್ಗೆ. ಹಾಗೆ ಕಾಣೆಯಾದಾಗಲೂ ಕೋರ್ಟಿಗೆ ಅರ್ಜಿ ಹಾಕಿಯೇ ವಿಚ್ಛೇದನ ಪಡೆಯಬೇಕು. ಗಂಡ ಇಲ್ಲೇ ಪಕ್ಕದ ತಾಲ್ಲೂಕಿನಲ್ಲಿ ಓಡಾಡಿಕೊಂಡಿದ್ದರೆ ಎಪ್ಪತ್ತು ವರ್ಷ ಕಳೆದರೂ ಮದುವೆ ಮದುವೆಯೇ. ಇನ್ನು ಛಾಪಾ ಕಾಗದದ ಮೇಲೆ ಬರೆಸಿಕೊಂಡ ‘ಬಿಡುಗಡೆ ಪತ್ರ’. ಊರ ದೊಡ್ಡವರು ಸಾಕ್ಷಿ ಹಾಕಿದ್ದರೂ, ನೋಟರಿಯ ಮೊಹರು ಬಿದ್ದಿದ್ದರೂ, ಅದರಿಂದ ಹಿಂದೂ ವಿವಾಹ ಮುರಿಯುವುದಿಲ್ಲ. ಸಮುದಾಯದಲ್ಲಿ ಹಿಂದಿನಿಂದ ನಡೆದುಬಂದ ವಿಚ್ಛೇದನ ಪದ್ಧತಿಗೆ ಕಾನೂನು ಜಾಗ ಬಿಟ್ಟಿದೆ ನಿಜ, ಆದರೆ ಅಂಥ ಪದ್ಧತಿ ಇತ್ತು ಎಂಬುದನ್ನು ಸಾಕ್ಷ್ಯ ಕೊಟ್ಟು ರುಜುವಾತು ಮಾಡಬೇಕು. ಅದು ಸುಲಭವಲ್ಲ. ಆ ಪತ್ರವನ್ನೇ ನಂಬಿ ಇನ್ನೊಂದು ಮದುವೆ ಮಾಡಿಕೊಂಡವರ ಎರಡನೆಯ ಸಂಸಾರವೂ, ಅಲ್ಲಿ ಹುಟ್ಟಿದ ಮಕ್ಕಳೂ ಇದೇ ತೊಡಕಿಗೆ ಸಿಕ್ಕಿಕೊಳ್ಳುತ್ತಾರೆ.

ಮೂರನೆಯ ತಪ್ಪು ತಿಳಿವಳಿಕೆ ಮಕ್ಕಳಿಗೇ ಸಂಬಂಧಿಸಿದ್ದು. ‘ಐದು ವರ್ಷ ತುಂಬಿದ ಮೇಲೆ ಮಗು ತಂದೆಗೆ’ ಎಂದು ನಂಬಿ, ಮಗುವಿನ ಐದನೆಯ ಹುಟ್ಟುಹಬ್ಬ ಹತ್ತಿರ ಬಂದಂತೆ ನಡುಗುವ ತಾಯಂದಿರಿದ್ದಾರೆ. 1956ರ ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪೋಷಕತ್ವ ಕಾಯ್ದೆ ಹೇಳುವುದು, ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದು. ಐದು ತುಂಬಿದ ಮಾರನೆಯ ದಿನ ಕೈ ಬದಲಾಗಬೇಕು ಎಂದಲ್ಲ. ಯಾವ ವಯಸ್ಸಿಗಾದರೂ ಮಗುವಿನ ಹಿತವೇ ಮುಖ್ಯ ಎಂದು ಅದೇ ಕಾಯ್ದೆ ಹೇಳುತ್ತದೆ. ಮಕ್ಕಳು ತಂದೆ ತಾಯಿಯ ಸ್ವತ್ತಲ್ಲ, ಆಟದ ಸಾಮಾನೂ ಅಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿ ಐವತ್ತು ವರ್ಷ ದಾಟಿತು. ಅದು 1973ರ ತೀರ್ಪು. ಇವತ್ತಿಗೂ ಎಷ್ಟೋ ಮನೆಗಳಿಗೆ ಆ ಮಾತು ತಲುಪಿಲ್ಲ.

ಇನ್ನು, ಕೋರ್ಟಿನ ಮೆಟ್ಟಿಲು ಹತ್ತಿದವರ ಮಕ್ಕಳ ಬಗ್ಗೆ. ಶಿಕ್ಷಕರು ಈ ಭಾಗವನ್ನು ಗಮನವಿಟ್ಟು ಕೇಳಬೇಕೆಂದು ನನ್ನ ಕೋರಿಕೆ.

ಒಬ್ಬ ಹುಡುಗ, ಮೂರನೆಯ ತರಗತಿ. ತಿಂಗಳಿಗೆ ಎರಡು ಶನಿವಾರ ತಂದೆಯ ಜೊತೆ ಇರಬೇಕೆಂದು ಆದೇಶವಾಗಿತ್ತು. ಮೊದಲ ಸಲ ಹೋಗಿಬಂದಾಗ ತಾಯಿ ಕೇಳಿದರು, ‘ಏನು ತಿಂದೆ?’ ‘ನೂಡಲ್ಸ್ ತಿಂದೆ, ಬಿಸ್ಕತ್ತು ತಿಂದೆ’ ಎಂದ. ಮುಂದಿನ ವಾಯಿದೆಯಲ್ಲಿ ತಾಯಿಯ ಕಡೆಯವರು ಕೋರ್ಟಿಗೆ ಸಲ್ಲಿಸಿದ ಪ್ರಮಾಣಪತ್ರದಲ್ಲಿ, ಅಂದರೆ ಅಫಿಡವಿಟ್ಟಿನಲ್ಲಿ, ತಂದೆ ಮಗುವಿಗೆ ಸರಿಯಾದ ಊಟವನ್ನೂ ಕೊಡುವುದಿಲ್ಲ, ಬಿಸ್ಕತ್ತು ಕೊಟ್ಟು ಮಲಗಿಸುತ್ತಾರೆ ಎಂಬ ಸಾಲು ಬಂತು. ತಂದೆ ಅದನ್ನು ಓದಿ ಮುಂದಿನ ಶನಿವಾರ ಮಗನನ್ನೇ ಕೇಳಿದರು, ‘ನಾನು ನಿನಗೆ ಊಟ ಹಾಕಲಿಲ್ಲವಾ? ಅಮ್ಮನಿಗೆ ಯಾಕೆ ಹಾಗೆ ಹೇಳಿದೆ?’ ಆಮೇಲೆ ಅವರು ಕೇಳಿದರು, ‘ನಿಮ್ಮ ಮನೆಗೆ ಯಾರ್ಯಾರು ಬರುತ್ತಾರೆ?’ ಹುಡುಗ ಹೇಳಿದ್ದು ತಂದೆಯ ಕಡೆಯ ಆಕ್ಷೇಪಣೆಯಲ್ಲಿ ಬಂತು. ಆ ರಾತ್ರಿ ತಾಯಿ ಅತ್ತರು.

ಆ ಮಗು ಒಂದು ಉಪಾಯ ಕಂಡುಕೊಂಡಿತು. ಯಾರು ಏನು ಕೇಳಿದರೂ ‘ಗೊತ್ತಿಲ್ಲ’. ಏನು ತಿಂದೆ? ಗೊತ್ತಿಲ್ಲ. ಎಲ್ಲಿಗೆ ಹೋಗಿದ್ದೆ? ಗೊತ್ತಿಲ್ಲ. ನಾನು ಮಧ್ಯಸ್ಥಿಕೆಯ ಕೋಣೆಯಲ್ಲಿ ಹೆಸರು ಕೇಳಿದೆ, ಹೇಳಿದ. ಯಾವ ಆಟ ಇಷ್ಟ ಎಂದೆ. ‘ಗೊತ್ತಿಲ್ಲ.’ ಎದುರಿಗೆ ಕುಳಿತ ಅಪ್ಪನನ್ನೂ ಅಮ್ಮನನ್ನೂ ನೋಡದೆ, ಶಾಲೆಯ ಚೀಲದ ಜಿಪ್ಪನ್ನು ತೆಗೆಯುತ್ತಾ ಹಾಕುತ್ತಾ ಕುಳಿತಿದ್ದ. ಅವನ ಪ್ರಗತಿ ಪತ್ರದಲ್ಲಿ ‘ತರಗತಿಯಲ್ಲಿ ಪ್ರತಿಕ್ರಿಯಿಸುವುದಿಲ್ಲ, ಕಲಿಕೆಯಲ್ಲಿ ಹಿಂದಿದ್ದಾನೆ’ ಎಂದು ಬರೆದಿತ್ತು. ಹಿಂದಿನ ವರ್ಷದ ಪ್ರಗತಿ ಪತ್ರ ತರಿಸಿ ನೋಡಿದಾಗ ಎಲ್ಲ ವಿಷಯದಲ್ಲೂ ಒಳ್ಳೆಯ ಶ್ರೇಣಿ. ಬಾಯಿ ತೆರೆದರೆ ಯಾರಿಗಾದರೂ ಅಪಾಯ ಎಂದು ಕಲಿತ ಮಗು ಮಗ್ಗಿ ಕೇಳಿದರೂ ಸುಮ್ಮನಿರುತ್ತದೆ. ಅದಕ್ಕೆ ದಡ್ಡತನ ಎಂದು ಹೆಸರಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ.

ಆ ತಂದೆ ತಾಯಿ ಕೆಟ್ಟವರಲ್ಲ ಎಂಬುದನ್ನೂ ಹೇಳಬೇಕು. ಇಬ್ಬರಿಗೂ ಮಗನ ಮೇಲೆ ಪ್ರಾಣ. ಕಾನೂನಿನ ಹೋರಾಟದ ಕ್ರಮವೇ ಹಾಗಿದೆ: ಎದುರಾಳಿಯ ತಪ್ಪು ತೋರಿಸಬೇಕು, ತಪ್ಪಿಗೆ ಸಾಕ್ಷಿ ಬೇಕು, ಎರಡೂ ಮನೆಗೆ ಹೋಗಿಬರುವ ಸಾಕ್ಷಿ ಮಗುವೊಂದೇ. ನನ್ನ ವೃತ್ತಿ ಬಾಂಧವರಿಗೂ ನಾನು ಇದನ್ನೇ ಹೇಳುತ್ತೇನೆ. ಮಗು ಊಟದ ತಟ್ಟೆಯ ಮುಂದೆ ಆಡಿದ ಮಾತನ್ನು ಪ್ರಮಾಣಪತ್ರಕ್ಕೆ ಇಳಿಸಬೇಡಿ. ಹೊಡೆತ, ಕುಡಿತ, ಕಿರುಕುಳ, ಜೀವಭಯದ ಸಂಗತಿಯಾದರೆ ಬೇರೆ, ಅದನ್ನು ಬರೆಯಲೇಬೇಕು. ನೂಡಲ್ಸಿನ ಸಂಗತಿಯನ್ನು ಬಿಟ್ಟುಬಿಡಿ.

ಅಪ್ಪ ಅಮ್ಮ ಬೇರೆಯಾದರೆ ಮಕ್ಕಳು ಹಾಳಾಗಿಬಿಡುತ್ತಾರೆ ಎಂದು ಹಿರಿಯರು ಹೇಳುವುದುಂಟು. ಇದರ ಬಗ್ಗೆ ಅಮೆರಿಕದಲ್ಲಿ ದಶಕಗಳ ಕಾಲ ಅಧ್ಯಯನ ನಡೆದಿದೆ. ಅಲ್ಲಿನ ಸಮಾಜ ಬೇರೆ, ನಮ್ಮದು ಬೇರೆ. ಆದರೂ ತಿಳಿದುಕೊಳ್ಳುವುದು ಒಳ್ಳೆಯದು. ಮೇವಿಸ್ ಹೆದರಿಂಗ್ಟನ್ ಎಂಬ ಮನಶ್ಶಾಸ್ತ್ರಜ್ಞೆ ಕುಟುಂಬಗಳನ್ನು ವರ್ಷಾನುಗಟ್ಟಲೆ ಹಿಂಬಾಲಿಸಿ ಕಂಡುಕೊಂಡದ್ದು ಇಷ್ಟು: ವಿಚ್ಛೇದನವಾದ ಮನೆಗಳ ಮಕ್ಕಳಲ್ಲಿ ಗಂಭೀರ ಮಾನಸಿಕ, ಸಾಮಾಜಿಕ ತೊಂದರೆಗಳು ಕಂಡದ್ದು ಸುಮಾರು ಶೇ 25ರಷ್ಟು ಮಕ್ಕಳಲ್ಲಿ. ಒಟ್ಟಿಗಿರುವ ಮನೆಗಳಲ್ಲಿ ಅದು ಸುಮಾರು ಶೇ 10. ಅಂದರೆ ಅಪಾಯ ಹೆಚ್ಚುತ್ತದೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ನಾಲ್ವರಲ್ಲಿ ಮೂವರು ಚೇತರಿಸಿಕೊಂಡು ಎಲ್ಲರಂತೆಯೇ ಬೆಳೆದರು. ಪಾಲ್ ಅಮಾಟೊ ಮತ್ತು ಸಂಗಡಿಗರ ಅಧ್ಯಯನಗಳಲ್ಲಿ ಇನ್ನೊಂದು ಮಾತು ಸ್ಪಷ್ಟವಾಯಿತು. ದಿನನಿತ್ಯ ದೊಡ್ಡ ಜಗಳವಾಗುತ್ತಿದ್ದ ಮನೆಗಳಲ್ಲಿ ತಂದೆ ತಾಯಿ ಬೇರೆಯಾದ ಮೇಲೆ ಮಕ್ಕಳ ಸ್ಥಿತಿ ಸುಧಾರಿಸಿತು. ಹೆಚ್ಚು ಪೆಟ್ಟು ತಿಂದವರು ಎರಡು ಬಗೆಯ ಮಕ್ಕಳು. ಜಗಳದ ಸುಳಿವೇ ಇಲ್ಲದ ಮನೆ ಇದ್ದಕ್ಕಿದ್ದಂತೆ ಒಡೆದಾಗ ಅಲ್ಲಿದ್ದವರು ಒಂದು. ಜಗಳ ಜೋರಾಗಿದ್ದೂ ಒಟ್ಟಿಗೇ ಉಳಿದ ಮನೆಯವರು ಇನ್ನೊಂದು.

‘ಮಕ್ಕಳ ಮುಖ ನೋಡಿಕೊಂಡು ಹೊಂದಿಕೊಂಡು ಹೋಗಮ್ಮ’ ಎಂಬ ಮಾತನ್ನು ಆಡುವ ಮೊದಲು ಇದನ್ನು ನೆನೆಯಬೇಕು. ಸಣ್ಣಪುಟ್ಟ ಮುನಿಸಿಗೆ ಆ ಮಾತು ಸರಿ. ಎಷ್ಟೋ ಸಂಸಾರಗಳು ಹಿರಿಯರ ಒಂದು ಮಾತಿನಿಂದ ಉಳಿದಿವೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಹೊಡೆತವಿರುವ ಮನೆಯಲ್ಲಿ ಮಗು ನೋಡುವ ‘ಮುಖ’ ಯಾವುದು? ಬಾಗಿಲ ಸಂದಿಯಿಂದ ಅಮ್ಮನ ಮೇಲೆ ಕೈ ಬೀಳುವುದನ್ನು ನೋಡಿ ಬೆಳೆದವರನ್ನು ನಾನು ದೊಡ್ಡವರಾದ ಮೇಲೆ, ಅವರದೇ ಪ್ರಕರಣದ ಕಕ್ಷಿದಾರರಾಗಿ ಕಂಡಿದ್ದೇನೆ. ಅಂಥ ಮನೆಯಿಂದ ಹೊರಬರಲು 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಿದೆ. ರಕ್ಷಣೆ, ವಾಸದ ಹಕ್ಕು, ಖರ್ಚಿಗೆ ಹಣ, ಮಕ್ಕಳ ತಾತ್ಕಾಲಿಕ ಸುಪರ್ದಿ ಎಲ್ಲವನ್ನೂ ಒಂದೇ ಅರ್ಜಿಯಲ್ಲಿ ಕೇಳಬಹುದು. ವಿಚ್ಛೇದನವನ್ನೇ ಕೇಳಬೇಕೆಂದಿಲ್ಲ.

ಲೋಕ ಅದಾಲತ್‌ನಲ್ಲಿ ಜೋಡಿಗಳು ಮತ್ತೆ ಒಂದಾಗಿ ಹಾರ ಬದಲಾಯಿಸಿಕೊಂಡ ಚಿತ್ರಗಳು ಪತ್ರಿಕೆಗಳಲ್ಲಿ ಬರುತ್ತವೆ. ಕಣ್ತುಂಬಿ ಬರುತ್ತದೆ, ನಿಜ. ಅಂಥ ಕೆಲವು ಮನೆಗಳ ಹಿಂದಿನ ಮಾತುಕತೆಯಲ್ಲಿ ನಾನೂ ಇದ್ದೆ. ಆದರೆ ಆ ಹಾರದ ದಿನಕ್ಕೇ ನಮ್ಮ ಕೆಲಸ ಮುಗಿಯಬಾರದು. ಆರು ತಿಂಗಳ ಮೇಲೆ ಆ ಮನೆಗೆ ಫೋನ್ ಮಾಡಿ, ಮಗು ಹೇಗಿದೆ ಎಂದು ಕೇಳುವವರು ಒಬ್ಬರಾದರೂ ಬೇಕು.

ಮಕ್ಕಳಿಗೆ ಏನಾಗುತ್ತದೆ ಎಂಬುದು ವಯಸ್ಸಿಗೆ ತಕ್ಕಂತೆ ಬೇರೆ ಬೇರೆ. ತೀರಾ ಚಿಕ್ಕವರು ಹಾಸಿಗೆ ಒದ್ದೆ ಮಾಡಲು ಮತ್ತೆ ಶುರುಮಾಡುತ್ತಾರೆ, ತಾಯಿಯ ಸೆರಗು ಬಿಡುವುದಿಲ್ಲ. ಹದಿಹರೆಯದವರು ಒಂದು ಕಡೆ ಸೇರಿಕೊಂಡು ಇನ್ನೊಂದು ಕಡೆಯವರ ಮುಖ ನೋಡುವುದಿಲ್ಲ, ಅಥವಾ ಇಬ್ಬರ ಮೇಲೂ ಸಿಟ್ಟಾಗಿ ಹೊರಗೇ ಹೊತ್ತು ಕಳೆಯುತ್ತಾರೆ. ನನಗೆ ಹೆಚ್ಚು ಸಂಕಟವಾಗುವುದು ನಡುವಿನ ವಯಸ್ಸಿನವರನ್ನು ಕಂಡಾಗ, ಆರರಿಂದ ಹತ್ತರವರೆಗಿನವರು. ಅವರಿಗೆ ಕಾರಣ ಬೇಕು. ನಾವು ಕಾರಣ ಹೇಳದಿದ್ದರೆ ತಾವೇ ಒಂದನ್ನು ಕಟ್ಟಿಕೊಳ್ಳುತ್ತಾರೆ. ಆ ಕಾರಣ ಬಹಳ ಸಲ ತಾವೇ ಆಗಿರುತ್ತಾರೆ. ಅಪ್ಪ ಅಮ್ಮ ಕೊನೆಯ ಸಲ ಜಗಳವಾಡಿದ್ದು ಶಾಲೆಯ ಶುಲ್ಕದ ವಿಷಯಕ್ಕೆ, ಆದ್ದರಿಂದ ಮನೆ ಮುರಿದದ್ದು ನನ್ನ ಶಾಲೆಯಿಂದ. ಹೀಗೆ ಲೆಕ್ಕ ಹಾಕಿಕೊಂಡ ಒಬ್ಬ ಹುಡುಗಿ, ‘ನಾನು ಸರ್ಕಾರಿ ಶಾಲೆಗೆ ಹೋಗುತ್ತೇನೆ, ಅಪ್ಪನಿಗೆ ವಾಪಸ್ ಬರಲು ಹೇಳಿ’ ಎಂದು ಅಜ್ಜಿಯ ಬಳಿ ಗುಟ್ಟಾಗಿ ಹೇಳಿದ್ದಳು. ಎರಡು ವರ್ಷ ಆ ಭಾರವನ್ನು ಒಬ್ಬಳೇ ಹೊತ್ತಿದ್ದಳು. ಅವಳಿಗೆ ಯಾರೂ ಏನನ್ನೂ ಹೇಳಿರಲಿಲ್ಲ. ‘ಚಿಕ್ಕ ಹುಡುಗಿ, ಅವಳಿಗೆ ಏನು ಗೊತ್ತಾಗುತ್ತದೆ’ ಎಂದುಕೊಂಡಿದ್ದರು.

ಹಣ ಮತ್ತು ಭೇಟಿ, ಇವೆರಡನ್ನು ಗಂಟು ಹಾಕುವುದನ್ನು ದಯವಿಟ್ಟು ಬಿಡಿ. ಜೀವನಾಂಶ ಕೊಡದಿದ್ದರೆ ಮಗುವನ್ನು ತೋರಿಸುವುದಿಲ್ಲ ಎಂದು ಇವರು. ಮಗುವನ್ನು ತೋರಿಸದಿದ್ದರೆ ಬಿಡಿಗಾಸೂ ಕೊಡುವುದಿಲ್ಲ ಎಂದು ಅವರು. ಎರಡೂ ಮಗುವಿನ ಹಕ್ಕುಗಳೇ. ಮಗುವಿಗೆ ಊಟವೂ ಬೇಕು, ಅಪ್ಪನೂ ಬೇಕು. ಒಂದು ಸಿಗಲಿಲ್ಲವೆಂದು ಇನ್ನೊಂದನ್ನೂ ಕಿತ್ತುಕೊಂಡರೆ ಎರಡು ಸಲ ಕಳೆದುಕೊಳ್ಳುವುದು ಅದೇ ಮಗು. ಜೀವನಾಂಶಕ್ಕೆ ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಂ ಇತ್ತು. 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೆಯ ಕಲಂ ಆಗಿದೆ. ಜಾತಿ ಧರ್ಮ ಯಾವುದಾದರೂ ಮಗುವಿನ ಪರವಾಗಿ ಅರ್ಜಿ ಹಾಕಬಹುದು, ವಿಚ್ಛೇದನವಾಗಿರಬೇಕಿಲ್ಲ. ಗಂಡ–ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಖರ್ಚುಗಳ ವಿವರವನ್ನು ಪ್ರಮಾಣ ಮಾಡಿ ಸಲ್ಲಿಸಬೇಕು, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಸ್ಪಷ್ಟಪಡಿಸಿದೆ. ತೋಟ ಅಪ್ಪನ ಹೆಸರಿನಲ್ಲಿದೆ, ನನಗೆ ಆದಾಯವೇ ಇಲ್ಲ ಎಂದು ಹೇಳಿ ಕೈತೊಳೆದುಕೊಳ್ಳುವುದು ಈಗ ಮೊದಲಿನಷ್ಟು ಸುಲಭವಲ್ಲ. ‘ನನಗೆ ಏನೂ ಬೇಡ, ಬಿಡುಗಡೆ ಸಾಕು’ ಎಂದು ಬರೆದುಕೊಡುವ ತಾಯಂದಿರಿಗೂ ಒಂದು ಮಾತು: ನಿಮ್ಮ ಪಾಲನ್ನು ನೀವು ಬಿಟ್ಟುಕೊಡಬಹುದು, ಮಗುವಿನ ಹಕ್ಕನ್ನು ಬಿಟ್ಟುಕೊಡಲು ನಿಮಗೆ ಬರುವುದಿಲ್ಲ.

ಇಬ್ಬರೂ ಒಪ್ಪಿ ಬೇರೆಯಾಗುವ ಅವಕಾಶ ಹಿಂದೂ ವಿವಾಹ ಕಾಯ್ದೆಗೆ ಸೇರಿದ್ದು 1976ರಲ್ಲಿ. ಒಂದು ವರ್ಷ ಬೇರೆಯಾಗಿ ಬದುಕಿರಬೇಕು. ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ರಾಜಿಯ ಸಾಧ್ಯತೆಯೇ ಇಲ್ಲವಾದರೆ, ಜೀವನಾಂಶ, ಸುಪರ್ದಿ ಎಲ್ಲ ತೀರ್ಮಾನವಾಗಿದ್ದರೆ ಈ ಆರು ತಿಂಗಳನ್ನು ಮನ್ನಾ ಮಾಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಈ ದಾರಿಯಲ್ಲಿ ಬರುವವರ ಒಪ್ಪಂದ ಪತ್ರಗಳನ್ನು ನೋಡಿ. ಒಡವೆಯ ಬಗ್ಗೆ ಒಂದೂವರೆ ಪುಟ, ಬೈಕು, ಫ್ರಿಜ್ಜು, ಬೀರು ಎಲ್ಲದರ ಪಟ್ಟಿ. ಮಗುವಿನ ಬಗ್ಗೆ ಒಂದೇ ಸಾಲು: ‘ಮಗು ತಾಯಿಯ ಬಳಿ ಇರತಕ್ಕದ್ದು, ತಂದೆಗೆ ಭೇಟಿಯ ಹಕ್ಕು ಇರತಕ್ಕದ್ದು.’ ಮುಂದಿನ ಹತ್ತು ವರ್ಷದ ಜಗಳಕ್ಕೆ ಈ ಒಂದು ಸಾಲು ಸಾಕು.

ನಾನು ಕುಳಿತ ಕಡೆ ಆ ಒಂದು ಸಾಲನ್ನು ಮೂರು ಪುಟ ಮಾಡಿಸುತ್ತೇನೆ. ತಂದೆ ಸಕಲೇಶಪುರದ ಕಡೆ, ತಾಯಿ ಚನ್ನರಾಯಪಟ್ಟಣದಲ್ಲಿ ಎಂದುಕೊಳ್ಳಿ. ಮಗುವನ್ನು ಎಲ್ಲಿ ಒಪ್ಪಿಸುವುದು? ಹಾಸನದ ಬಸ್ ನಿಲ್ದಾಣದಲ್ಲಿ ಎಂದರೆ ಯಾವ ಕಡೆ, ಎಷ್ಟು ಗಂಟೆಗೆ, ಬಸ್ ತಡವಾದರೆ ಎಷ್ಟು ಹೊತ್ತು ಕಾಯುವುದು, ಯಾರು ಕರೆತರುವುದು. ಮಳೆಗಾಲದಲ್ಲಿ ಘಾಟಿಯ ಕಡೆ ಶಾಲೆಗಳಿಗೆ ರಜೆ ಕೊಟ್ಟಾಗ ಆ ವಾರದ ಭೇಟಿ ಏನಾಗಬೇಕು. ದಸರಾ ರಜೆ ಯಾರಿಗೆ, ಬೇಸಿಗೆ ರಜೆಯನ್ನು ಹೇಗೆ ಹಂಚುವುದು. ಹಾಸನಾಂಬೆಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ, ಅದೂ ದೀಪಾವಳಿಯ ಆಸುಪಾಸಿನ ಕೆಲವೇ ದಿನ. ಎರಡೂ ಮನೆಯವರಿಗೆ ಮಗುವನ್ನು ಅಲ್ಲಿಗೆ ಕರೆದೊಯ್ಯಬೇಕು. ಒಂದು ವರ್ಷ ಅದೇ ವಿಷಯಕ್ಕೆ ಒಂದು ಕುಟುಂಬ ಮತ್ತೆ ಕೋರ್ಟಿಗೆ ಬಂತು. ಈಗ ನಾನು ಅದನ್ನೂ ಬರೆಸುತ್ತೇನೆ: ಈ ವರ್ಷ ಇವರು, ಮುಂದಿನ ವರ್ಷ ಅವರು. ವಾರಕ್ಕೆ ಎರಡು ಸಲ ವಿಡಿಯೊ ಕರೆ, ಕರೆಯ ಹೊತ್ತಿನಲ್ಲಿ ಇನ್ನೊಬ್ಬರು ಪಕ್ಕದಲ್ಲಿ ಕೂರಬಾರದು. ಭೇಟಿ ಸಾಧ್ಯವಾಗದ ಕಡೆ ಮಗುವಿಗೆ ವಿಡಿಯೊ ಕರೆಯ ಸಂಪರ್ಕವಾದರೂ ಇರಬೇಕು ಎಂದು 2020ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮಗು ಆಸ್ಪತ್ರೆಗೆ ದಾಖಲಾದರೆ ಎಷ್ಟು ಹೊತ್ತಿನೊಳಗೆ ತಿಳಿಸಬೇಕು. ಶಾಲೆ ಬದಲಿಸುವ ಮುನ್ನ ಯಾರನ್ನು ಕೇಳಬೇಕು. ಪಿಯುಸಿ ಆದ ಮೇಲಿನ ಓದಿನ ಖರ್ಚು ಯಾರದು. ಮಗುವಿನ ಎದುರು ಇನ್ನೊಬ್ಬರನ್ನು ಹೀಯಾಳಿಸುವುದಿಲ್ಲ ಎಂಬ ಮಾತನ್ನೂ ಬರೆಸಿ ಇಬ್ಬರ ಸಹಿ ಹಾಕಿಸುತ್ತೇನೆ. ಸಹಿ ಹಾಕಿದ ಮಾತ್ರಕ್ಕೆ ಎಲ್ಲರೂ ಪಾಲಿಸುತ್ತಾರೆಂದಲ್ಲ. ಆದರೆ ಬರೆಯುವಾಗಲಾದರೂ ಇಬ್ಬರೂ ಅರ್ಧ ದಿನ ಕುಳಿತು ಮಗುವಿನ ಒಂದು ವರ್ಷವನ್ನು ಯೋಚಿಸುತ್ತಾರೆ. ಎಷ್ಟೋ ಜೋಡಿಗಳು ಜಗಳ ಶುರುವಾದ ಮೇಲೆ ಮೊದಲ ಸಲ ಒಂದೇ ವಿಷಯವನ್ನು ಒಟ್ಟಿಗೆ ಯೋಚಿಸಿದ್ದು ಆಗಲೇ.

ಸುಪರ್ದಿಯನ್ನೇ ಇಬ್ಬರಿಗೂ ಹಂಚುವ ಕ್ರಮವೂ ಇದೆ. 2013ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಮಗು ವರ್ಷದ ಆರು ತಿಂಗಳು ತಂದೆಯ ಬಳಿ, ಆರು ತಿಂಗಳು ತಾಯಿಯ ಬಳಿ ಇರಲಿ ಎಂದಿತು. 2015ರಲ್ಲಿ ಕಾನೂನು ಆಯೋಗವೂ ತನ್ನ 257ನೆಯ ವರದಿಯಲ್ಲಿ ಜಂಟಿ ಸುಪರ್ದಿಗೆ ಕಾನೂನಿನಲ್ಲಿ ಅವಕಾಶ ಮಾಡಬೇಕೆಂದು ಶಿಫಾರಸು ಮಾಡಿತು. ಇಬ್ಬರೂ ಒಂದೇ ಊರಿನಲ್ಲಿದ್ದು, ಮಗುವಿನ ಶಾಲೆ ಬದಲಾಗದಿದ್ದರೆ ಒಳ್ಳೆಯದೇ. ನಾನು ಹೇಳಿದ ಸಕಲೇಶಪುರ–ಚನ್ನರಾಯಪಟ್ಟಣದ ಮಗುವಿಗೆ ಅದು ಹೊಂದುವುದಿಲ್ಲ.

ವಿಚ್ಛೇದನವಾಗುವುದು ಇಬ್ಬರಿಗೆ, ಕಳೆದುಕೊಳ್ಳುವವರು ಇಪ್ಪತ್ತು ಜನ. ಬೀಗರು ಮಾತು ಬಿಡುತ್ತಾರೆ. ಮದುವೆಗಿರುವ ತಂಗಿಯ ಸಂಬಂಧ ಮುಂದಕ್ಕೆ ಹೋಗುತ್ತದೆ. ಸೋದರಮಾವನ ಮೇಲೆ ಒಂದು ಸಂಸಾರದ ಭಾರ ಬೀಳುತ್ತದೆ. ಅವನು ಅದನ್ನು ಸಂತೋಷದಿಂದಲೇ ಹೊರುತ್ತಾನೆ, ಆದರೆ ಅವನ ಹೆಂಡತಿಯನ್ನು ಯಾರೂ ಕೇಳಿರುವುದಿಲ್ಲ. ಎಲ್ಲರಿಗಿಂತ ಹೆಚ್ಚು ಮರೆತುಹೋಗುವವರು ತಂದೆಯ ತಾಯಿ, ಆ ಅಜ್ಜಿ. ಮಗುವಿಗೆ ಎಣ್ಣೆ ಹಚ್ಚಿ ನೀರು ಹಾಕಿದವರು, ಮೊದಲ ಅನ್ನ ತಿನ್ನಿಸಿದವರು. ಮಗ–ಸೊಸೆಯ ಜಗಳದಲ್ಲಿ ಅವರ ಪಾಲು ಏನೂ ಇಲ್ಲದಿದ್ದರೂ ಒಂದು ದಿನ ಮಗು ಮನೆಯಿಂದ ಹೊರಟುಹೋಗುತ್ತದೆ, ಮತ್ತೆ ಬರುವುದಿಲ್ಲ. ಇತ್ತ ಮಗುವಿಗೂ ಅಷ್ಟೇ, ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡು ಕಥೆ ಹೇಳುತ್ತಿದ್ದವರು ಇದ್ದಕ್ಕಿದ್ದಂತೆ ಶತ್ರುವಾಗಿಬಿಡುತ್ತಾರೆ.

ಶಿಕ್ಷಕರಿಗೆ ಇನ್ನೆರಡು ಮಾತು. ‘ಅಪ್ಪನ ಸಹಿ ಹಾಕಿಸಿಕೊಂಡು ಬಾ’ ಎನ್ನುವ ಬದಲು ‘ಮನೆಯವರ ಸಹಿ’ ಎನ್ನಿ. ತರಗತಿಯಲ್ಲಿ ಎಲ್ಲರ ಎದುರು ತಂದೆ ಎಲ್ಲಿದ್ದಾರೆ ಎಂದು ಕೇಳಬೇಡಿ. ಕೋರ್ಟಿನ ಆದೇಶದ ಪ್ರತಿಯನ್ನು ಪೋಷಕರು ಕೊಟ್ಟಿದ್ದರೆ ಮುಖ್ಯ ಶಿಕ್ಷಕರ ಬಳಿ ಇರಲಿ, ಶಾಲೆ ಬಿಟ್ಟ ಮೇಲೆ ಮಗುವನ್ನು ಯಾರ ಜೊತೆ ಕಳುಹಿಸಬಹುದು ಎಂಬುದು ಗೊತ್ತಿರಲಿ. ಮಗು ಅಪಾಯದಲ್ಲಿದೆ ಎನ್ನಿಸಿದರೆ 1098ಕ್ಕೆ ಕರೆ ಮಾಡಿ. ಮಹಿಳೆಯರಿಗೆ 181 ಇದೆ. ವಕೀಲರ ಶುಲ್ಕಕ್ಕೆ ಹೆದರಿ ಮನೆಯಲ್ಲೇ ಕುಳಿತವರಿಗೆ ಹೇಳಿ, ಮಹಿಳೆಯರು ಮತ್ತು ಮಕ್ಕಳಿಗೆ ಆದಾಯ ಎಷ್ಟೇ ಇದ್ದರೂ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರ ನೆರವು ಉಚಿತ. 15100ಕ್ಕೆ ಕರೆ ಮಾಡಿದರೂ ದಾರಿ ತಿಳಿಸುತ್ತಾರೆ.

(ಮಾತು ಮುಗಿದ ಮೇಲೆ ಸಭಿಕರು ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದ್ದೇನೆ.)

ಒಬ್ಬ ತಾಯಿ ಕೇಳಿದರು: ‘ಮಗಳಿಗೆ ಏಳು ವರ್ಷ. ಅಪ್ಪ ದುಬೈಗೆ ಹೋಗಿದ್ದಾರೆ ಎಂದು ಹೇಳಿಕೊಂಡು ಬಂದಿದ್ದೇನೆ. ಈಗ ನಿಜ ಹೇಳುವುದು ಹೇಗೆ?’

ಅಮ್ಮಾ, ಇವತ್ತೇ ಎಲ್ಲವನ್ನೂ ಹೇಳಬೇಕಿಲ್ಲ. ಯಾರ ತಪ್ಪು ಎಂಬುದನ್ನಂತೂ ಹೇಳಲೇಬೇಕಿಲ್ಲ. ಮಗುವಿನ ಹೊಟ್ಟೆ ತುಂಬಿರುವ ಹೊತ್ತು, ಮಾರನೆಯ ದಿನ ಶಾಲೆಯಿಲ್ಲದ ಸಂಜೆ ನೋಡಿ ಕುಳಿತುಕೊಳ್ಳಿ. ‘ಅಪ್ಪನೂ ನಾನೂ ಒಂದೇ ಮನೆಯಲ್ಲಿ ಇರುವುದಿಲ್ಲ ಎಂದು ತೀರ್ಮಾನ ಮಾಡಿದ್ದೇವೆ. ಅದು ನಿನ್ನಿಂದ ಆದದ್ದಲ್ಲ. ನೀನು ಏನು ಮಾಡಿದ್ದರೂ, ಏನು ಮಾಡದಿದ್ದರೂ ಇದು ಹೀಗೇ ಆಗುತ್ತಿತ್ತು. ನೀನು ಇದೇ ಮನೆಯಲ್ಲಿ ಇರುತ್ತೀಯ, ಇದೇ ಶಾಲೆಗೆ ಹೋಗುತ್ತೀಯ.’ ಇಷ್ಟು ಹೇಳಿ. ದುಬೈ ಮಾತು ಯಾಕೆ ಹೇಳಿದೆ ಎಂದು ಕೇಳಿದರೆ, ‘ನಿನಗೆ ನೋವಾಗಬಾರದು ಎಂದು ಹಾಗೆ ಹೇಳಿದೆ’ ಎನ್ನಿ. ಅವಳು ಸುಮ್ಮನೆ ಎದ್ದು ಆಡಲು ಹೋಗಬಹುದು. ಹೋಗಲಿ ಬಿಡಿ. ಮೂರು ದಿನದ ಮೇಲೆ ಬಟ್ಟೆ ಒಣಹಾಕುವಾಗಲೋ ತಲೆ ಬಾಚಿಸಿಕೊಳ್ಳುವಾಗಲೋ ಪ್ರಶ್ನೆ ಕೇಳುತ್ತಾಳೆ. ಆಗ ಕೈಯಲ್ಲಿರುವ ಕೆಲಸ ಬಿಟ್ಟು ಉತ್ತರ ಕೊಡಿ. ಅದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿದರೂ ಅದೇ ಉತ್ತರವನ್ನೇ ಕೊಡಿ, ಗದರಬೇಡಿ.

ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಎದ್ದು ನಿಂತರು: ‘ನಾನು ಆ ಅಜ್ಜಿಯಮ್ಮ. ಮೊಮ್ಮಗನನ್ನು ನೋಡಿ ಮೂರು ವರ್ಷವಾಯಿತು. ನನಗೆ ಏನಾದರೂ ಹಕ್ಕಿದೆಯೇ?’

ತಾಯೀ, ಅಜ್ಜಿಯ ಭೇಟಿಗೆಂದೇ ಪ್ರತ್ಯೇಕ ಕಲಂ ನಮ್ಮ ಕಾಯ್ದೆಯಲ್ಲಿ ಇಲ್ಲ. ಆದರೆ ಮಗುವಿನ ಹಿತಕ್ಕೆ ಅಜ್ಜಿಯ ಒಡನಾಟ ಬೇಕು ಎಂದು ನ್ಯಾಯಾಲಯಕ್ಕೆ ಮನವರಿಕೆ ಮಾಡಿಕೊಟ್ಟರೆ ದಾರಿ ಇದೆ. ಅದಕ್ಕೂ ಮೊದಲು ನಿಮ್ಮ ಮಗನಿಗಿರುವ ಭೇಟಿಯ ದಿನಗಳನ್ನು ನೋಡೋಣ. ಆ ದಿನ ಮಗುವನ್ನು ನಿಮ್ಮ ಮನೆಗೆ ಕರೆತರಲು ಆದೇಶದಲ್ಲಿ ಅಡ್ಡಿಯಿದೆಯೇ, ಇಲ್ಲವೇ ಎಂಬುದು ತಿಳಿಯಬೇಕು. ಅಡ್ಡಿಯಿದ್ದರೆ ಮಾರ್ಪಾಡು ಕೇಳಬಹುದು. ಸುಪರ್ದಿಯ ಆದೇಶ ಕಲ್ಲಿನ ಶಾಸನವಲ್ಲ, ಮಗು ಬೆಳೆದಂತೆ ಬದಲಾಯಿಸಬಹುದು. ನಿಮ್ಮ ಸೊಸೆಯ ಬಳಿ ಮೊದಲು ನಾನು ಮಾತನಾಡಿ ನೋಡುತ್ತೇನೆ. ಅವರ ಮನಸ್ಸಿನಲ್ಲೂ ಏನಿದೆಯೋ ಕೇಳಬೇಕಲ್ಲ. ಸೋಮವಾರ ಹನ್ನೊಂದು ಗಂಟೆಗೆ ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವಾ ಪ್ರಾಧಿಕಾರದ ಕಚೇರಿಗೆ ಬನ್ನಿ. ಬರುವಾಗ ಆದೇಶದ ಪ್ರತಿಯನ್ನು ತನ್ನಿ. ಮಗನನ್ನೂ ಕರೆದುಕೊಂಡು ಬನ್ನಿ.